ನಿಮ್ಮ ಪುಸ್ತಕ ನೀವೇ ತರುವುದಾದರೆ: ಹಸ್ತಪ್ರತಿಯಿಂದ ಓದುಗರ ಕೈಯವರೆಗೆ

ಹತ್ತು ಹನ್ನೆರಡು ಕತೆ ಬರೆದಿಟ್ಟುಕೊಂಡವರು ಪುಸ್ತಕ ತರಬೇಕು ಅಂತ ಹೊರಟಾಗ ಮೊದಲು ಕೇಳುವುದು ಖರ್ಚು ಎಷ್ಟು ಅಂತ. ಆಮೇಲೆ ಬಿಡುಗಡೆಗೆ ಯಾರನ್ನು ಕರೆಯುವುದು ಅಂತ. ಕರಡು ಯಾರು ತಿದ್ದುತ್ತಾರೆ, ಪುಸ್ತಕ ಯಾರು ಕೊಳ್ಳುತ್ತಾರೆ ಅನ್ನುವ ಪ್ರಶ್ನೆಗಳು ಕೊನೆಗೆ ಉಳಿಯುತ್ತವೆ. ಎಷ್ಟೋ ಸಲ ಯಾರೂ ಕೇಳುವುದೇ ಇಲ್ಲ. ಈ ಕ್ರಮ ತಿರುಗಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ದುಡ್ಡನ್ನೂ ಸಮಯವನ್ನೂ ಮೊದಲು ಬರಹಕ್ಕೆ ಹಾಕಿ. ಓದುಗರನ್ನು ಅಚ್ಚಿಗೆ ಮೊದಲೇ ಹುಡುಕಿ. ಪ್ರತಿಗಳನ್ನು ಕಡಿಮೆ ಹಾಕಿಸಿ.

ಕನ್ನಡದಲ್ಲಿ ಲೇಖಕರೇ ಪ್ರಕಾಶಕರಾಗುವುದು ಹೊಸದೇನಲ್ಲ. ಕಾದಂಬರಿಕಾರ ಗಳಗನಾಥರು ತಮ್ಮ ಪುಸ್ತಕಗಳನ್ನು ತಾವೇ ಹೊತ್ತು ಊರೂರಲ್ಲಿ ಮಾರಿದವರು. ಕುವೆಂಪು ಅವರ ಅನೇಕ ಪುಸ್ತಕಗಳು ಮೈಸೂರಿನ ಅವರ ಮನೆಯ ಹೆಸರನ್ನೇ ಹೊತ್ತ ಉದಯರವಿ ಪ್ರಕಾಶನದಿಂದ ಬಂದವು. ಹಾಗಾಗಿ ಸ್ವಂತ ಪ್ರಕಟಣೆ ಅಂದರೆ ಯಾರೂ ಒಪ್ಪದ ಪುಸ್ತಕ ಅಂತ ಹಿಂಜರಿಯಬೇಕಿಲ್ಲ. ಕೆಲಸ ಗಟ್ಟಿಯಾಗಿ ಮಾಡಿದರೆ ಸಾಕು.

ಇಡೀ ಬರಹಕ್ಕೆ ಒಂದೇ ಉದಾಹರಣೆ ಇಟ್ಟುಕೊಳ್ಳೋಣ. 160 ಪುಟದ ಒಂದು ಕಥಾಸಂಕಲನ, ಹೊಸ ಲೇಖಕರದು.

ಪ್ರಕಾಶಕರಿಗೆ ಕೊಡುವುದೋ, ನೀವೇ ಮಾಡುವುದೋ

ಮೊದಲು ಒಂದೆರಡು ಬಾಗಿಲು ತಟ್ಟಿ ನೋಡಿ. ಮಯೂರ, ಸುಧಾ, ತರಂಗದಂಥ ಪತ್ರಿಕೆಗಳಿಗೆ ಕತೆ ಕಳಿಸಿ. ಅಲ್ಲಿ ಬಂದ ಕತೆಗೆ ಒಬ್ಬ ಸಂಪಾದಕರ ಕಣ್ಣು ಬಿದ್ದಿರುತ್ತದೆ, ನಿಮ್ಮ ಹೆಸರೂ ಓದುಗರಿಗೆ ಗೊತ್ತಾಗಿರುತ್ತದೆ. ಛಂದ ಪುಸ್ತಕದಂಥ ಪ್ರಕಾಶನ ಹೊಸ ಕತೆಗಾರರ ಹಸ್ತಪ್ರತಿಗಾಗಿ ಸ್ಪರ್ಧೆ ನಡೆಸುತ್ತಾ ಬಂದಿದೆ. ಕನ್ನಡ ಪುಸ್ತಕ ಪ್ರಾಧಿಕಾರ ಯುವ ಬರಹಗಾರರ ಚೊಚ್ಚಲ ಕೃತಿಗೆ ಪ್ರೋತ್ಸಾಹಧನ ಕೊಡುವ ಯೋಜನೆ ನಡೆಸುತ್ತದೆ. ಅರ್ಜಿ ಕರೆದಾಗ ವಯಸ್ಸಿನ ಮಿತಿ, ಕೊನೆಯ ದಿನಾಂಕ ನೋಡಿ ಹಾಕಿ.

ಪ್ರಕಾಶಕರು ಸಿಕ್ಕರೆ ಒಪ್ಪಂದ ಬರಹದಲ್ಲಿರಲಿ. ನಮ್ಮಲ್ಲಿ ಬಾಯಿಮಾತಿನ ಮೇಲೆ ಪುಸ್ತಕ ಬರುವುದು ಜಾಸ್ತಿ, ಜಗಳ ಹುಟ್ಟುವುದೂ ಅಲ್ಲಿಂದಲೇ. 1957ರ ಕೃತಿಸ್ವಾಮ್ಯ ಕಾಯ್ದೆ ಈ ವಿಷಯದಲ್ಲಿ ಲೇಖಕರ ಪರವಾಗಿದೆ. ಹಕ್ಕು ಬಿಟ್ಟುಕೊಡುವುದು ಬರಹದಲ್ಲಿ, ಸಹಿಯೊಂದಿಗೆ ಇರಬೇಕು ಅನ್ನುತ್ತದೆ ಅದರ 19ನೇ ಸೆಕ್ಷನ್. ಎಷ್ಟು ಕಾಲಕ್ಕೆ ಅಂತ ಬರೆದಿರದಿದ್ದರೆ 5 ವರ್ಷ ಅಂತಲೇ ಲೆಕ್ಕ. ಎಲ್ಲಿಗೆ ಅಂತ ಬರೆದಿರದಿದ್ದರೆ ಭಾರತಕ್ಕೆ ಮಾತ್ರ. ಹಕ್ಕು ತೆಗೆದುಕೊಂಡವರು ಒಂದು ವರ್ಷದೊಳಗೆ ಅದನ್ನು ಬಳಸದಿದ್ದರೆ, ಒಪ್ಪಂದದಲ್ಲಿ ಬೇರೆ ಮಾತಿಲ್ಲದಿದ್ದರೆ, ಅದು ಬಿದ್ದುಹೋಗುತ್ತದೆ. ಅನುವಾದ, ಇ-ಪುಸ್ತಕ, ಆಡಿಯೊ, ಸಿನಿಮಾ ಹಕ್ಕುಗಳನ್ನು ಒಂದೊಂದಾಗಿ ಹೆಸರಿಸಿ ಬರೆಸಿ. "ಎಲ್ಲ ಹಕ್ಕುಗಳೂ" ಅಂತ ಇದ್ದರೆ ಸಹಿ ಹಾಕುವ ಮೊದಲು ಕೇಳಿ. ರಾಯಲ್ಟಿ ಬದಲು ಇಷ್ಟು ಪ್ರತಿ ಕೊಡುತ್ತೇವೆ ಅನ್ನುವ ರೂಢಿಯೂ ಇದೆ. ಒಪ್ಪುವುದು ಬಿಡುವುದು ನಿಮ್ಮಿಷ್ಟ. ಆದರೆ ಆ ಸಂಖ್ಯೆ ಕಾಗದದ ಮೇಲೆ ಇರಲಿ.

ಪೂರ್ತಿ ಖರ್ಚು ನಿಮ್ಮಿಂದಲೇ ತೆಗೆದುಕೊಂಡು ತಮ್ಮ ಹೆಸರಲ್ಲಿ ಪುಸ್ತಕ ಹಾಕುವವರೂ ಇದ್ದಾರೆ. ಅದು ತಪ್ಪೇನಲ್ಲ, ಆದರೆ ಆಗ ನಿಜವಾದ ಪ್ರಕಾಶಕರು ನೀವೇ. ಹಕ್ಕು ನಿಮ್ಮದೇ ಅಂತ ಬರೆಸಿಕೊಳ್ಳಿ. ಕೆಲಸ ಮುಗಿದ ಮೇಲೆ ಪಿಡಿಎಫ್ ಮಾತ್ರ ಸಾಲದು, ಪುಟವಿನ್ಯಾಸದ ಮೂಲ ಫೈಲೂ ನಿಮಗೆ ಕೊಡಬೇಕು ಅಂತ ಮೊದಲೇ ಹೇಳಿ. ಮರುಮುದ್ರಣ ಬಂದಾಗ ಆ ಫೈಲಿನ ಬೆಲೆ ಗೊತ್ತಾಗುತ್ತದೆ.

ಹಸ್ತಪ್ರತಿ ಹದ ಮಾಡುವುದು

ಯೂನಿಕೋಡ್‌ನಲ್ಲೇ, ಅಂದರೆ ಎಲ್ಲ ಕಂಪ್ಯೂಟರು, ಫೋನುಗಳೂ ಒಂದೇ ಥರ ಓದುವ ಅಕ್ಷರ ಸಂಕೇತದಲ್ಲೇ, ಟೈಪ್ ಮಾಡಿ. ಇದೊಂದು ಮಾತು ಕೇಳಿದರೆ ಮುಂದಿನ ಅರ್ಧ ತಲೆನೋವು ತಪ್ಪುತ್ತದೆ. ಹಳೆಯ ನುಡಿ, ಬರಹ ತಂತ್ರಾಂಶಗಳ ಫಾಂಟುಗಳಲ್ಲಿ ಇರುವ ಪಠ್ಯವನ್ನು ಪರಿವರ್ತಕಗಳಿಂದ ಯೂನಿಕೋಡಿಗೆ ತರಬಹುದು. ಆದರೆ ತಂದ ಮೇಲೆ ಪೂರ್ತಿ ಓದಲೇಬೇಕು. ಹಳೆಯ ಫಾಂಟಿನ ಪಿಡಿಎಫ್‌ನಿಂದ ಇ-ಪುಸ್ತಕ ಮಾಡಲು ಹೋದರೆ ಸಿಗುವುದು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ.

ಫೋನಿನಲ್ಲಿ ಬರೆದ ಕತೆಗಳಿದ್ದರೆ ಎರಡು ಜಾಗ ಮೊದಲು ನೋಡಿ. ಒಂದು, ಅರ್ಕಾವತ್ತು. "ಅರ್ಥ" ಅನ್ನುವುದನ್ನು "ಅಥ೯" ಅಂತ ಒಂಬತ್ತರ ಅಂಕಿ ಹಾಕಿ ಬರೆಯುವ ಅಭ್ಯಾಸ ಎಷ್ಟೋ ಜನರಿಗಿದೆ. ಎರಡು, ಸೊನ್ನೆ. "ಬೆ೦ಗಳೂರು" ಮತ್ತು "ಬೆಂಗಳೂರು" ಕಣ್ಣಿಗೆ ಒಂದೇ ಥರ ಕಾಣುತ್ತವೆ. ಮೊದಲನೆಯದರಲ್ಲಿ ಅನುಸ್ವಾರದ ಬದಲು ಸೊನ್ನೆಯ ಅಂಕಿ ಕೂತಿದೆ. ಹುಡುಕಿದರೆ ಸಿಗುವುದಿಲ್ಲ, ಕೆಲವು ಫಾಂಟಿನಲ್ಲಿ ಗಾತ್ರವೂ ಬದಲಾಗುತ್ತದೆ. ೯ ಮತ್ತು ೦ ಎರಡನ್ನೂ ಹುಡುಕಿ, ಒಂದೊಂದಾಗಿ ಸರಿಮಾಡಿ. ಒಟ್ಟಿಗೆ ಬದಲಾಯಿಸಲು ಹೋಗಬೇಡಿ, ನಿಜವಾದ ಅಂಕಿಗಳೂ ಹೋಗಿಬಿಡುತ್ತವೆ. ಪರಿವರ್ತನೆಯಲ್ಲಿ "ಸಾಫ್ಟ್‌ವೇರ್" ಥರದ ಪದಗಳು "ಸಾಫ್ಟ್ವೇರ್" ಆಗಿ ಒತ್ತಕ್ಷರ ಕೆಳಗೆ ಜಾರುವುದೂ ಉಂಟು, ಅದನ್ನೂ ನೋಡಿ.

ಆಮೇಲೆ ಒಂದು ಪಟ್ಟಿ ಮಾಡಿ. ಮನಸ್ಸು ಅಂತ ಬರೆಯುತ್ತೀರೋ, ಮನಸು ಅಂತಲೋ? ಕಥೆಯೋ, ಕತೆಯೋ? ಇಲ್ಲವೇ, ಇಲ್ಲವೆ? ಅಂಕಿಗಳು ಯಾವ ಲಿಪಿಯಲ್ಲಿ? ಪಾತ್ರಗಳ ಹೆಸರು, ಊರಿನ ಹೆಸರು ಎಲ್ಲ ಕಡೆ ಒಂದೇ ಥರ ಇವೆಯೇ? ಯಾವುದು ಸರಿ ಅನ್ನುವುದಕ್ಕಿಂತ ಪುಸ್ತಕದುದ್ದಕ್ಕೂ ಒಂದೇ ಇರಲಿ ಅನ್ನುವುದು ಮುಖ್ಯ. ಈ ಪಟ್ಟಿಯನ್ನು ಕರಡು ತಿದ್ದುವವರ ಕೈಗೆ ಕೊಡಿ.

ಅದಕ್ಕೂ ಮೊದಲು ಇಬ್ಬರು ಮೂವರಿಗೆ ಹಸ್ತಪ್ರತಿ ಓದಲು ಕೊಡಿ. ಮನೆಯವರಿಗಲ್ಲ. ಕತೆ ಓದುವ ಅಭ್ಯಾಸ ಇರುವ, ನಿಮ್ಮ ಮನಸ್ಸು ನೋಯಿಸಲು ಹೆದರದ ಜನರಿಗೆ. "ಹೇಗಿದೆ?" ಅಂತ ಕೇಳಿದರೆ "ಚೆನ್ನಾಗಿದೆ" ಅನ್ನುತ್ತಾರೆ. ಎಲ್ಲಿ ಓದು ನಿಂತಿತು, ಯಾವ ಕತೆ ಬಿಟ್ಟರೆ ಪುಸ್ತಕಕ್ಕೆ ನಷ್ಟವಿಲ್ಲ ಅಂತ ಕೇಳಿ. ಹನ್ನೆರಡು ಕತೆಗಳಲ್ಲಿ ಎರಡನ್ನು ಬಿಡುವ ಧೈರ್ಯ ಇದ್ದರೆ ಉಳಿದ ಹತ್ತಕ್ಕೂ ಒಳ್ಳೆಯದು.

ಕರಡು: ದುಡ್ಡು ಹಾಕಬೇಕಾದ ಜಾಗ

ಕನ್ನಡ ಪುಸ್ತಕಗಳಲ್ಲಿ ಮುದ್ರಣದೋಷ ಇದ್ದೇ ಇರುತ್ತದೆ ಅಂತ ಓದುಗರು ಒಪ್ಪಿಕೊಂಡುಬಿಟ್ಟಿದ್ದಾರೆ. ಅದು ನನಗೆ ತುಂಬಾ ಬೇಸರದ ವಿಷಯ. ಸಭಾಂಗಣ, ಹಾರ, ಶಾಲು, ತಿಂಡಿಗೆ ಸಾವಿರಗಟ್ಟಲೆ ಖರ್ಚು ಮಾಡುವವರು ಕರಡು ತಿದ್ದುವವರಿಗೆ ಪುಟಕ್ಕೆ ಹತ್ತು ರೂಪಾಯಿ ಕೊಡಲು ಚೌಕಾಸಿ ಮಾಡುತ್ತಾರೆ.

ಮೂರು ಸುತ್ತು ಬೇಕು. ಮೊದಲ ಸುತ್ತು ಪುಟವಿನ್ಯಾಸಕ್ಕೆ ಹೋಗುವ ಮೊದಲು, ವಾಕ್ಯ ಮತ್ತು ಕಾಗುಣಿತಕ್ಕೆ. ಎರಡನೆಯದು ಪುಟ ಕಟ್ಟಿದ ಮೇಲೆ, ಕಾಗದದ ಮೇಲೆ ಪ್ರಿಂಟ್ ತೆಗೆದು. ಪರದೆಯ ಮೇಲೆ ಕಾಣದ ತಪ್ಪು ಕಾಗದದ ಮೇಲೆ ಕಾಣುತ್ತದೆ. ಮೂರನೆಯದು, ಗುರುತು ಹಾಕಿದ ತಿದ್ದುಪಡಿಗಳೆಲ್ಲ ನಿಜವಾಗಿ ಆಗಿವೆಯೇ ಅಂತ ನೋಡಲು. ಒಂದು ತಪ್ಪು ಸರಿಮಾಡುವಾಗ ಪಕ್ಕದ ಪದ ಕೆಡುವುದು ತುಂಬಾ ಸಾಮಾನ್ಯ.

ಸ್ಪೆಲ್‌ಚೆಕ್ ನಂಬಿ ಕೂರಬೇಡಿ. ಅರ್ಥ, ಅರ್ಧ ಎರಡೂ ಸರಿಯಾದ ಪದಗಳೇ. ನಡುವಿನ ಒಂದು ಚುಕ್ಕೆ ತಪ್ಪಿದರೆ "ಅರ್ಥವಾದ ಮಾತು" ಹೋಗಿ "ಅರ್ಧವಾದ ಮಾತು" ಆಗುತ್ತದೆ. ಬಾರ-ಭಾರ, ಮತ-ಮಠ, ಬೇಡ-ಬೇಡಿ ಇಂಥವನ್ನು ಹಿಡಿಯುವುದು ಮನುಷ್ಯರ ಕಣ್ಣು ಮಾತ್ರ. ಒಬ್ಬರು ಮೂಲವನ್ನು ಜೋರಾಗಿ ಓದುವುದು, ಇನ್ನೊಬ್ಬರು ಕರಡಿನ ಮೇಲೆ ಬೆರಳಿಟ್ಟು ನೋಡುವುದು ಹಳೆಯ ಪ್ರೆಸ್ಸುಗಳ ಪದ್ಧತಿ. ಇವತ್ತಿಗೂ ಅದಕ್ಕಿಂತ ಒಳ್ಳೆಯ ದಾರಿ ಇಲ್ಲ. ನೀವೊಬ್ಬರೇ ತಿದ್ದಬೇಡಿ. ನೀವು ಬರೆದದ್ದನ್ನು ನೀವೇ ಓದುವಾಗ ಅಲ್ಲಿ ಇರಬೇಕಾದದ್ದು ಕಾಣುತ್ತದೆಯೇ ಹೊರತು ಇರುವುದು ಕಾಣುವುದಿಲ್ಲ.

ಇನ್ನೊಂದು ಎಚ್ಚರ. ನಿಮ್ಮ ಕತೆಯಲ್ಲಿ ಧಾರವಾಡ ಕಡೆಯ ಪಾತ್ರ "ಮಾಡಾಕತ್ತೀನಿ" ಅಂದರೆ, ಅದನ್ನು "ಮಾಡುತ್ತಿದ್ದೇನೆ" ಅಂತ ತಿದ್ದಿಬಿಡುವವರೂ ಸಿಗುತ್ತಾರೆ. ಕಲಬುರಗಿ, ಕುಂದಾಪುರ, ಮಂಡ್ಯ, ಯಾವ ಕಡೆಯ ಮಾತೇ ಆಗಲಿ, ಸಂಭಾಷಣೆ ಮುಟ್ಟಬೇಡಿ ಅಂತ ಮೊದಲೇ ಹೇಳಿ. ಆ ಸೀಮೆಯವರೊಬ್ಬರಿಗೆ ಆ ಭಾಗ ಮಾತ್ರ ಓದಿಸಿದರೆ ಇನ್ನೂ ಒಳ್ಳೆಯದು.

ಪುಟವಿನ್ಯಾಸ, ಮುಖಪುಟ

ಕತೆ ಕಾದಂಬರಿಗೆ 1/8 ಡೆಮಿ ರೂಢಿಯ ಅಳತೆ, ಸುಮಾರು ಐದೂವರೆ ಇಂಚು ಅಗಲ, ಎಂಟೂವರೆ ಇಂಚು ಎತ್ತರ. ಒಳಪುಟಕ್ಕೆ 70 ಜಿಎಸ್‌ಎಂ (ಚದರ ಮೀಟರಿಗೆ ಇಷ್ಟು ಗ್ರಾಂ ಅನ್ನುವ ಕಾಗದದ ತೂಕ) ಇರುವ, ತುಸು ಹಳದಿ ಛಾಯೆಯ ಎನ್‌.ಎಸ್. ಮ್ಯಾಪ್‌ಲಿಥೊ ಕಾಗದ ಸಾಕು. ಮುಖಪುಟಕ್ಕೆ 250 ಅಥವಾ 300 ಜಿಎಸ್‌ಎಂ ಆರ್ಟ್ ಬೋರ್ಡ್, ಮೇಲೆ ಮ್ಯಾಟ್ ಲ್ಯಾಮಿನೇಶನ್.

ಕನ್ನಡ ಅಕ್ಷರಗಳ ಕೆಳಗೆ ಒತ್ತಕ್ಷರ ಇಳಿಯುತ್ತದೆ. ಹಾಗಾಗಿ ಸಾಲುಗಳ ನಡುವೆ ಇಂಗ್ಲಿಷಿಗಿಂತ ಹೆಚ್ಚು ಜಾಗ ಬೇಕು. ಅಕ್ಷರ 12 ಪಾಯಿಂಟ್ ಇದ್ದರೆ ಸಾಲಿನ ಅಂತರ 17-18 ಇಟ್ಟು ನೋಡಿ. ಪುಟ ಉಳಿಸಲು ಸಾಲು ಒತ್ತೊತ್ತಾಗಿ ಕೂರಿಸಿದ ಪುಸ್ತಕ ಓದುವುದು ಕಣ್ಣಿಗೆ ಶಿಕ್ಷೆ. ಪುಟವಿನ್ಯಾಸದ ತಂತ್ರಾಂಶ ಇನ್‌ಡಿಸೈನ್‌ನಲ್ಲಿ ಯೂನಿಕೋಡ್ ಕನ್ನಡ ಸರಿಯಾಗಿ ಕೂರಬೇಕಾದರೆ ವರ್ಲ್ಡ್-ರೆಡಿ ಕಂಪೋಸರ್ ಆಯ್ಕೆ ಮಾಡಿರಬೇಕು, ಇಲ್ಲದಿದ್ದರೆ ಒತ್ತಕ್ಷರಗಳು ಬಿಡಿಬಿಡಿಯಾಗಿ ನಿಲ್ಲುತ್ತವೆ. ಡಿಟಿಪಿ (ಕಂಪ್ಯೂಟರಿನಲ್ಲಿ ಅಕ್ಷರ ಜೋಡಣೆ) ಮಾಡುವವರು "ಯೂನಿಕೋಡ್ ಆಗಲ್ಲ, ಹಳೇ ನುಡಿಗೆ ಹಾಕ್ತೀವಿ" ಅಂದರೆ ಈ ಮಾತು ಹೇಳಿ. ನೋಟೊ ಸೆರಿಫ್ ಕನ್ನಡ, ಟಿರೋ ಕನ್ನಡ ಇವು ಮುಕ್ತ ಪರವಾನಗಿಯ ಫಾಂಟುಗಳು, ಪುಸ್ತಕಕ್ಕೆ ಬಳಸಲು ದುಡ್ಡು ಕೊಡಬೇಕಿಲ್ಲ. ಒಂದೇ ಪುಟವನ್ನು ಎರಡು ಮೂರು ಫಾಂಟಿನಲ್ಲಿ ಪ್ರಿಂಟ್ ತೆಗೆದು, ಐವತ್ತು ದಾಟಿದವರೊಬ್ಬರಿಗೆ ಓದಲು ಕೊಟ್ಟು ಆರಿಸಿ.

ಪುಟಗಳ ಸಂಖ್ಯೆ 16ರ ಮಡಿಯಲ್ಲಿ ಇದ್ದರೆ ಕಾಗದ ಹಾಳಾಗುವುದಿಲ್ಲ, ಯಾಕೆಂದರೆ ಅಚ್ಚು ಫಾರಂ ಲೆಕ್ಕದಲ್ಲಿ, ಅಂದರೆ 16 ಪುಟದ ಕಂತುಗಳಲ್ಲಿ, ನಡೆಯುತ್ತದೆ. 160 ಅಂದರೆ ಸರಿಯಾಗಿ 10 ಫಾರಂ. ನಿಮ್ಮದು 163 ಆದರೆ ಮೂರು ಪುಟ ಕಡಿಮೆ ಮಾಡುವ ದಾರಿ ಹುಡುಕಿ.

ಮುಖಪುಟಕ್ಕೆ ಅಂತರ್ಜಾಲದಿಂದ ಚಿತ್ರ ಎತ್ತಬೇಡಿ. ಕಲಾವಿದರ ಹತ್ತಿರ ಮಾಡಿಸಿ, ಅವರ ಹೆಸರು ಹಾಕಿ, ಹಣ ಕೊಡಿ. ಬೆನ್ನಿನ ಮೇಲೆ ಹೆಸರು ಇರಲೇಬೇಕು. ಅಂಗಡಿಯ ಕಪಾಟಿನಲ್ಲಿ ಕಾಣುವುದು ಅದೊಂದೇ. ಬೆನ್ನಿನ ದಪ್ಪ ಎಷ್ಟು ಅಂತ ಮುದ್ರಕರು ಅದೇ ಕಾಗದದಲ್ಲಿ ಡಮ್ಮಿ (ಖಾಲಿ ಹಾಳೆಗಳ ಮಾದರಿ ಪುಸ್ತಕ) ಕಟ್ಟಿ ಅಳತೆ ಕೊಡುತ್ತಾರೆ. ಅದು ಬರುವವರೆಗೆ ಮುಖಪುಟ ಮುಗಿಸಬೇಡಿ.

ಮುನ್ನುಡಿ ಬೇಕೇ ಅಂತ ಕೇಳುತ್ತಾರೆ. ಹೆಸರಾದವರ ಮುನ್ನುಡಿಗೆ ಆರು ತಿಂಗಳು ಕಾಯುವುದಕ್ಕಿಂತ ಬೇಡ ಅಂತಲೇ ನಾನು ಹೇಳುತ್ತೇನೆ. ಬೆನ್ನುಡಿ ಮಾತ್ರ ಬೇಕು, ಎಂಟು ಹತ್ತು ಸಾಲು. ಅದರಲ್ಲಿ ಕತೆಗಳು ಯಾವ ಊರಿನವು, ಯಾರ ಬದುಕಿನವು ಅಂತ ಗೊತ್ತಾಗಬೇಕು.

ಐಎಸ್‌ಬಿಎನ್ ಮತ್ತು ಕಾಗದಪತ್ರ

ಐಎಸ್‌ಬಿಎನ್, ಅಂದರೆ ಪುಸ್ತಕವನ್ನು ಗುರುತಿಸುವ ಅಂತರರಾಷ್ಟ್ರೀಯ ಸಂಖ್ಯೆ, ನಮ್ಮ ದೇಶದಲ್ಲಿ ಉಚಿತ. ಕೇಂದ್ರ ಶಿಕ್ಷಣ ಸಚಿವಾಲಯದ ಅಡಿಯಲ್ಲಿರುವ ರಾಜಾ ರಾಮಮೋಹನ್ ರಾಯ್ ರಾಷ್ಟ್ರೀಯ ಐಎಸ್‌ಬಿಎನ್ ಏಜೆನ್ಸಿ ಅದನ್ನು ಆನ್‌ಲೈನ್‌ನಲ್ಲಿ ಕೊಡುತ್ತದೆ. ಪ್ರಕಾಶನ ಸಂಸ್ಥೆ ಇರಬೇಕು ಅಂತಿಲ್ಲ, ಲೇಖಕರೇ ಅರ್ಜಿ ಹಾಕಬಹುದು. ಯಾರಾದರೂ ಇದಕ್ಕೆ ಸಾವಿರಾರು ರೂಪಾಯಿ ಕೇಳಿದರೆ ಕೊಡಬೇಡಿ. ಅಚ್ಚಿಗೆ ಹೋಗುವ ದಿನ ನೆನಪಾದರೆ ಪ್ರಯೋಜನವಿಲ್ಲ, ಎರಡು ತಿಂಗಳು ಮೊದಲೇ ಹಾಕಿ. ಅಚ್ಚಿನ ಪುಸ್ತಕಕ್ಕೆ ಒಂದು ಸಂಖ್ಯೆ, ಇ-ಪುಸ್ತಕಕ್ಕೆ ಬೇರೆ ಸಂಖ್ಯೆ.

ಕೃತಿಸ್ವಾಮ್ಯಕ್ಕೆ ನೋಂದಣಿ ಕಡ್ಡಾಯವಲ್ಲ, ಬರೆದ ಕೂಡಲೇ ಅದು ನಿಮ್ಮದು. ನಿಮ್ಮ ಕಾಲದ ನಂತರವೂ 60 ವರ್ಷ ನಿಮ್ಮ ವಾರಸುದಾರರದು.

ತಾಂತ್ರಿಕ ಪುಟವನ್ನು, ಅಂದರೆ ಶೀರ್ಷಿಕೆ ಪುಟದ ಹಿಂಬದಿಯನ್ನು, ಅಸಡ್ಡೆ ಮಾಡಬೇಡಿ. ಪುಸ್ತಕದ ಹೆಸರು, ಪ್ರಕಾರ, ಲೇಖಕರು, ಪ್ರಕಾಶಕರ ವಿಳಾಸ, ಹಕ್ಕುಗಳು ಯಾರವು, ಪ್ರಥಮ ಮುದ್ರಣದ ವರ್ಷ, ಪ್ರತಿಗಳು, ಪುಟಗಳು, ಬೆಲೆ, ಬಳಸಿದ ಕಾಗದ ಮತ್ತು ಅಳತೆ, ಮುಖಪುಟ ಕಲಾವಿದರು, ಅಕ್ಷರ ಜೋಡಣೆ, ಮುದ್ರಣಾಲಯ, ಐಎಸ್‌ಬಿಎನ್. ಗ್ರಂಥಾಲಯ ಖರೀದಿಗೆ ಅರ್ಜಿ ಹಾಕುವಾಗ ಅಧಿಕಾರಿಗಳು ಮೊದಲು ತೆರೆಯುವುದು ಈ ಪುಟವನ್ನೇ.

1954ರ ಪುಸ್ತಕ ಒಪ್ಪಿಸುವ ಕಾಯ್ದೆಯ ಪ್ರಕಾರ ಪ್ರಕಟವಾದ 30 ದಿನದೊಳಗೆ ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯಕ್ಕೆ, ಜೊತೆಗೆ ಚೆನ್ನೈನ ಕನ್ನೆಮಾರ ಗ್ರಂಥಾಲಯ, ಮುಂಬೈನ ಕೇಂದ್ರ ಗ್ರಂಥಾಲಯ, ದೆಹಲಿಯ ಸಾರ್ವಜನಿಕ ಗ್ರಂಥಾಲಯಕ್ಕೆ ಒಂದೊಂದು ಪ್ರತಿ ನಿಮ್ಮ ಖರ್ಚಿನಲ್ಲಿ ಕಳಿಸಬೇಕು. ಸ್ವಂತ ಪ್ರಕಾಶಕರು ಎಷ್ಟೋ ಜನ ಇದನ್ನು ಬಿಟ್ಟುಬಿಡುತ್ತಾರೆ. ಕಳಿಸಿ. ನೂರು ವರ್ಷ ಆದಮೇಲೆ ನಿಮ್ಮ ಪುಸ್ತಕ ಹುಡುಕಿಕೊಂಡು ಬರುವವರಿಗೆ ಅದು ಸಿಗಬಹುದಾದ ಜಾಗಗಳು ಇವು.

ಲೆಕ್ಕ

ಈಗ ಖರ್ಚಿನ ಮಾತು. ಕೆಳಗಿನ ದರಗಳು ಲೆಕ್ಕ ಹಾಕುವ ಬಗೆ ತೋರಿಸಲು ಇಟ್ಟವು, ನಿಮ್ಮ ಊರಿನ ಮುದ್ರಕರ ದರ ಬೇರೆ ಇರುತ್ತದೆ. 500 ಪ್ರತಿ, ಒಂದಕ್ಕೆ ಅಚ್ಚು ಮತ್ತು ಬೈಂಡಿಂಗ್ 70 ರೂಪಾಯಿ ಅಂದರೆ 35,000. ಪುಟವಿನ್ಯಾಸ 5,000, ಕರಡು 3,000, ಮುಖಪುಟ 5,000. ಒಟ್ಟು 48,000. ಪ್ರತಿಯೊಂದಕ್ಕೆ 96 ರೂಪಾಯಿ ಬಿತ್ತು.

ಬೆಲೆ 200 ಇಟ್ಟಿರಿ ಅಂದುಕೊಳ್ಳಿ. ಅಂಗಡಿಯವರಿಗೆ ಶೇ 40 ರಿಯಾಯಿತಿ ಕೊಟ್ಟರೆ ನಿಮ್ಮ ಕೈಗೆ 120. ಗೌರವಪ್ರತಿ, ವಿಮರ್ಶೆ, ಗ್ರಂಥಾಲಯ ಅಂತ 60 ಪ್ರತಿ ಹೋಗುತ್ತವೆ. ಉಳಿದ 440ನ್ನೂ ಅಂಗಡಿಯಲ್ಲೇ ಮಾರಿದರೆ 52,800. ಹಾಕಿದ ದುಡ್ಡು ವಾಪಸ್ ಬರಲು 400 ಪ್ರತಿ ಮಾರಾಟ ಆಗಬೇಕು. ಅದೇ 440ರಲ್ಲಿ 200 ಪ್ರತಿಯನ್ನು ನೀವೇ ನೇರವಾಗಿ 160 ರೂಪಾಯಿಗೆ, ಅಂಚೆ ಖರ್ಚು ಪ್ರತ್ಯೇಕ ಅಂತ ಮಾರಿದರೆ, ಒಟ್ಟು 60,800 ಆಗುತ್ತದೆ. ಓದುಗರಿಗೂ ಕಡಿಮೆಗೆ ಸಿಕ್ಕಿತು, ನಿಮಗೂ ಜಾಸ್ತಿ ಉಳಿಯಿತು. ನೇರ ಮಾರಾಟದ ಬಗ್ಗೆ ನಾನು ಇಷ್ಟು ಒತ್ತಿ ಹೇಳುವುದು ಇದಕ್ಕೇ.

1,000 ಪ್ರತಿ ಹಾಕಿಸಿದರೆ ಪ್ರತಿಯೊಂದರ ಖರ್ಚು ಇಳಿಯುತ್ತದೆ ಅಂತ ಮುದ್ರಕರು ಹೇಳುತ್ತಾರೆ. ನಿಜ. ಆದರೆ ಉಳಿದ 500 ನಿಮ್ಮ ಮನೆಯ ಅಟ್ಟದಲ್ಲಿ ಕೂರುತ್ತವೆ. ಗೆದ್ದಲು, ತೇವ ಯಾರನ್ನೂ ಕೇಳುವುದಿಲ್ಲ. ನೂರಿನ್ನೂರು ಪ್ರತಿ ಸಾಕು ಅನ್ನಿಸಿದರೆ ಡಿಜಿಟಲ್ ಮುದ್ರಣ, ಐನೂರರ ಹತ್ತಿರ ಹೋದರೆ ಆಫ್‌ಸೆಟ್. ಮುದ್ರಿತ ಪುಸ್ತಕದ ಮಾರಾಟಕ್ಕೆ ಜಿಎಸ್‌ಟಿ ಇಲ್ಲ, ಆದರೆ ಅಚ್ಚಿನ ಬಿಲ್ಲಿಗೆ ಇರುತ್ತದೆ. ದರಪಟ್ಟಿ ಕೇಳುವಾಗ ತೆರಿಗೆ ಸೇರಿಸಿಯೇ ಕೇಳಿ.

ಓದುಗರನ್ನು ಮೊದಲೇ ಹುಡುಕುವುದು

ಧಾರವಾಡದ ಮನೋಹರ ಗ್ರಂಥಮಾಲೆ 1933ರಲ್ಲಿ ಶುರುವಾಗಿ ಚಂದಾದಾರರನ್ನು ಕಟ್ಟಿಕೊಂಡೇ ಬೆಳೆಯಿತು. ಓದುಗರು ಮೊದಲೇ ದುಡ್ಡು ಕೊಟ್ಟಿರುತ್ತಿದ್ದರು, ಪುಸ್ತಕ ಅವರ ಮನೆಗೆ ಹೋಗುತ್ತಿತ್ತು. ನಿಮ್ಮ ಒಂದು ಪುಸ್ತಕಕ್ಕೂ ಈ ದಾರಿ ಹಿಡಿಯಬಹುದು. ಅಚ್ಚಿಗೆ ಕೊಡುವ ಒಂದು ತಿಂಗಳು ಮೊದಲು ಪ್ರಕಟಣಾಪೂರ್ವ ಬೆಲೆ ಘೋಷಿಸಿ. ಒಂದು ಕತೆಯನ್ನು ಪೂರ್ತಿ ಓದಲು ಬಿಡಿ. ಯುಪಿಐ ಸಂಖ್ಯೆ ಕೊಟ್ಟು, ಹೆಸರು, ವಿಳಾಸ, ಪಿನ್‌ಕೋಡ್ ವಾಟ್ಸಾಪಿಗೆ ಕಳಿಸಲು ಹೇಳಿ. ಬಂದ ಆರ್ಡರುಗಳನ್ನು ನೋಡಿ ಎಷ್ಟು ಪ್ರತಿ ಅಂತ ತೀರ್ಮಾನಿಸಿ. ಎಂಬತ್ತು ಜನ ಕೂಡ ಮುಂಗಡ ಕೊಡಲಿಲ್ಲ ಅಂದರೆ ಐನೂರು ಹಾಕಿಸುವುದು ಬೇಡ.

ನಿಮ್ಮ ಕತೆಗಳು ಬ್ಯಾಂಕ್ ನೌಕರರ ಬದುಕಿನವಾದರೆ ಬ್ಯಾಂಕಿನವರ ಗುಂಪುಗಳಿಗೆ, ಸಕಲೇಶಪುರದ ಕಾಫಿ ತೋಟದವಾದರೆ ಆ ಕಡೆಯವರಿಗೆ ಮೊದಲು ಹೇಳಿ. "ಕನ್ನಡಿಗರೆಲ್ಲ ಓದಲಿ" ಅಂತ ಹೊರಟರೆ ಯಾರ ಹತ್ತಿರ ಹೋಗಬೇಕು ಅಂತಲೇ ಗೊತ್ತಾಗುವುದಿಲ್ಲ.

ಅಂಚೆ ಇಲಾಖೆ 2025ರ ಮೇ 1ರಿಂದ ಪುಸ್ತಕಗಳಿಗಾಗಿ ಜ್ಞಾನ ಪೋಸ್ಟ್ ಶುರು ಮಾಡಿತು. ಶುರುವಾದಾಗ 300 ಗ್ರಾಂವರೆಗೆ 20 ರೂಪಾಯಿ, 5 ಕಿಲೋವರೆಗೆ 100 ರೂಪಾಯಿ, ತೆರಿಗೆ ಬೇರೆ. ಕಳಿಸುವ ಮೊದಲು ನಿಮ್ಮ ಅಂಚೆ ಕಚೇರಿಯಲ್ಲಿ ಈಗಿನ ದರ, ನಿಯಮ ಕೇಳಿಕೊಳ್ಳಿ. ಪುಸ್ತಕವನ್ನು ಮೊದಲು ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿ, ಆಮೇಲೆ ಲಕೋಟೆಗೆ ಹಾಕಿ. ಮಲೆನಾಡಿನ ಮಳೆಗಾಲಕ್ಕೆ ಕಾಗದದ ಲಕೋಟೆಯೊಂದೇ ತಡೆಯುವುದಿಲ್ಲ.

ಅಂಗಡಿ, ಗ್ರಂಥಾಲಯ, ಇ-ಪುಸ್ತಕ

ಸಪ್ನ, ನವಕರ್ನಾಟಕ, ಗಾಂಧಿ ಬಜಾರಿನ ಅಂಕಿತ ಪುಸ್ತಕ, ಹೀಗೆ ದೊಡ್ಡ ಮಳಿಗೆಗಳ ಜೊತೆಗೆ ನಿಮ್ಮ ಜಿಲ್ಲೆಯ ಅಂಗಡಿಗೂ ಕೊಡಿ. ಹೊಸಬರ ಪುಸ್ತಕ ಮಾರಾಟವಾದ ಮೇಲೆ ಹಣ ಅನ್ನುವ ಕರಾರಿನ ಮೇಲೆ ಹೋಗುವುದೇ ಹೆಚ್ಚು. ಹತ್ತು ಪ್ರತಿಗಿಂತ ಜಾಸ್ತಿ ಒಂದೇ ಸಲ ಇಡಬೇಡಿ. ಕೊಟ್ಟದ್ದಕ್ಕೆ ಚಲನ್ ಬರೆದು ಸಹಿ ಹಾಕಿಸಿಕೊಳ್ಳಿ, ಮೂರು ತಿಂಗಳಿಗೊಮ್ಮೆ ಹೋಗಿ ಲೆಕ್ಕ ಕೇಳಿ. ಕೇಳದಿದ್ದರೆ ಯಾರೂ ತಾವಾಗಿ ಕೊಡುವುದಿಲ್ಲ. ಸಾಹಿತ್ಯ ಸಮ್ಮೇಳನದಲ್ಲಿ ಒಬ್ಬರೇ ಮಳಿಗೆ ಹಿಡಿಯುವುದು ಒಂದು ಪುಸ್ತಕಕ್ಕೆ ಭಾರ. ನಾಲ್ಕೈದು ಲೇಖಕರು ಸೇರಿ ಹಿಡಿಯಿರಿ.

ಗ್ರಂಥಾಲಯ ಇಲಾಖೆಯ ಸಗಟು ಖರೀದಿಗೆ ಆಯಾ ವರ್ಷ ಪ್ರಕಟವಾದ ಪುಸ್ತಕಗಳಿಂದ ಅರ್ಜಿ ಕರೆಯುತ್ತಾರೆ. ಕಬ್ಬನ್ ಪಾರ್ಕಿನಲ್ಲಿರುವ ರಾಜ್ಯ ಕೇಂದ್ರ ಗ್ರಂಥಾಲಯಕ್ಕೆ ಪ್ರತಿ ಕೊಟ್ಟು ನೋಂದಣಿ ಮಾಡಿಸಿದ ಪತ್ರವನ್ನೂ ಕೇಳುತ್ತಾರೆ, ಹಾಗಾಗಿ ಪುಸ್ತಕ ಬಂದ ವಾರದಲ್ಲೇ ಆ ಕೆಲಸ ಮುಗಿಸಿ. ಆಯ್ಕೆಯಾದರೆ ಒಟ್ಟಿಗೆ ಒಳ್ಳೆಯ ಸಂಖ್ಯೆಯ ಪ್ರತಿಗಳು ಹೋಗುತ್ತವೆ, ಹಳ್ಳಿಯ ಓದುಗರಿಗೂ ಸಿಗುತ್ತವೆ. ಆದರೆ ಆಯ್ಕೆಯ ಖಾತ್ರಿ ಇಲ್ಲ, ಹಣ ಬರಲು ತುಂಬಾ ಕಾಲ ಹಿಡಿಯಬಹುದು. ಅದನ್ನು ನಂಬಿ ಸಾಲ ಮಾಡಿ ಅಚ್ಚು ಹಾಕಿಸಬೇಡಿ.

ಇ-ಪುಸ್ತಕಕ್ಕೆ ಮೈಲ್ಯಾಂಗ್‌ನಂಥ ಕನ್ನಡದ ತಾಣಗಳಿವೆ. ಯೂನಿಕೋಡ್ ಪಠ್ಯ ಇದ್ದರೆ ಇಪಬ್ (ಇ-ಪುಸ್ತಕದ ಫೈಲು) ಮಾಡುವುದು ಸುಲಭ. ಅಮೆರಿಕದಲ್ಲೋ ದುಬೈನಲ್ಲೋ ಇರುವ ಕನ್ನಡಿಗರಿಗೆ ಅಂಚೆ ಖರ್ಚು ಪುಸ್ತಕದ ಬೆಲೆಯನ್ನೇ ಮೀರುತ್ತದೆ, ಅವರಿಗೆ ಇದೇ ಸರಿಯಾದ ದಾರಿ.

ಬಿಡುಗಡೆ ಮಾಡಲೇಬೇಕು ಅಂದರೆ ಮಾಡಿ, ಸಂತೋಷದ ಕೆಲಸವೇ ಅದು. ಆದರೆ ನಾಲ್ಕು ಭಾಷಣದ ಬದಲು ಒಂದು ಕತೆ ಓದಿಸಿ, ಬಾಗಿಲ ಹತ್ತಿರ ಮಾರಾಟದ ಮೇಜು ಹಾಕಿ, ಪುಸ್ತಕ ಓದಿಯೇ ಬರುವ ಒಬ್ಬರನ್ನು ಮಾತಿಗೆ ಕರೆಯಿರಿ. ಪತ್ರಿಕೆಗಳ ಭಾನುವಾರದ ಪುರವಣಿಗೆ ವಿಮರ್ಶೆಗಾಗಿ ಪ್ರತಿ ಕಳಿಸುವಾಗ ಒಂದು ಪುಟದ ಪರಿಚಯ ಜೊತೆಗಿಡಿ.

ಪುಸ್ತಕ ಕೈಗೆ ಬಂದ ದಿನದಿಂದಲೇ ಒಂದು ಪ್ರತಿಯ ಮೇಲೆ "ತಿದ್ದುವ ಪ್ರತಿ" ಅಂತ ಬರೆದಿಡಿ. ಓದುಗರು ತೋರಿಸಿದ ತಪ್ಪುಗಳನ್ನೆಲ್ಲ ಅದರಲ್ಲೇ ಗುರುತು ಹಾಕಿ. ಐವತ್ತು ಪ್ರತಿ ಉಳಿದಾಗ ಆ ತಿದ್ದುಪಡಿ ಮೂಲ ಫೈಲಿಗೆ ಹಾಕಿಸಿ, ತಾಂತ್ರಿಕ ಪುಟದಲ್ಲಿ ಎರಡನೇ ಮುದ್ರಣದ ವರ್ಷ ಸೇರಿಸಿ, ಮುದ್ರಕರಿಂದ ಹೊಸ ದರ ತರಿಸಿಕೊಳ್ಳಿ. ಅಕ್ಷರದೋಷ ಮಾತ್ರ ತಿದ್ದಿದ್ದರೆ ಹಳೆಯ ಐಎಸ್‌ಬಿಎನ್ ಸಾಕು. ಹೊಸ ಕತೆ ಸೇರಿಸಿ ಪರಿಷ್ಕರಿಸಿದ್ದರೆ ಹೊಸದಕ್ಕೆ ಅರ್ಜಿ ಹಾಕಿ.